ಹೆಣ್ಣಿನ ಕಡೆಯವರು

ಬಾವುತಿನೊ, ಸೆಪ್ಟೆಂಬರ್ 9, 2002

ನನ್ನ ಬಿಳಿ ಒಂಟೆಮರಿ ಅಕ್ಬೊತಾಳಿಗೆ,

ಸುಖವಾಗಿ ಬಂದು ಸೇರಿದೆ. ರೈಲು ಇಡೀ ದೇಶವನ್ನು ಅಡ್ಡಡ್ಡ ದಾಟಿತು. ಕಿಟಕಿಯಾಚೆ ನೋಡೋಣವೆಂದರೆ ಒಂದು ಮರವಿಲ್ಲ, ಆದರೂ ನಿದ್ದೆ ಬರಲಿಲ್ಲ. ಇಷ್ಟು ವರ್ಷ ಟ್ರಾಲಿಬಸ್ಸು ಓಡಿಸಿದವಳಿಗೆ ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ಕಣ್ಣು ಮುಚ್ಚುವುದು ಕಷ್ಟ.

ಸಗಿಂದಿಕ್ ಹುಟ್ಟಿದ ಮನೆ ಇನ್ನೂ ಗಟ್ಟಿಯಾಗಿ ನಿಂತಿದೆ. (ನಿನಗೆ ಅವರು ಅಪ್ಪ ಆಗಿರಬಹುದು, ನನಗೆ ಸಗಿಂದಿಕ್ಕೇ. ಅವರು ಇದ್ದಷ್ಟು ದಿನ ಹೆಸರು ಹಿಡಿದೇ ಕೂಗಿದ್ದೇನೆ, ಹೋದ ಮೇಲೆ ಬದಲಾಯಿಸಲಾರೆ.) ಚಿಪ್ಪುಕಲ್ಲಿನ ಗೋಡೆ, ಹತ್ತಿರ ಹೋಗಿ ನೋಡಿದರೆ ಕಲ್ಲಿನೊಳಗೆ ಕಪ್ಪೆಚಿಪ್ಪುಗಳು ಕಾಣುತ್ತವೆ. ಉಪ್ಪುಗಾಳಿಗೆ ಬೀಗ ಕಚ್ಚಿಕೊಂಡಿತ್ತು. ಪಕ್ಕದ ಮನೆಯ ಮೆಂದಿಬಾಯ್ ಎನ್ನುವ ಹಿರಿಯರು ಬಂದು, ಒಂದು ಮಾತೂ ಆಡದೆ, ಮೀನೆಣ್ಣೆ ಬಿಟ್ಟು ತೆಗೆದುಕೊಟ್ಟರು. ಒಂದು ವಿಚಿತ್ರ ಕೇಳು. ಇಷ್ಟು ಕಾಲ ಯಾರೂ ಇಲ್ಲದ ಮನೆ, ಆದರೆ ಹೊರಗೋಡೆಗೆ ಹೋದ ವಸಂತದಲ್ಲಿ ಹೊಡೆದ ಸುಣ್ಣವಿದೆ. ಯಾರು ಹೊಡೆದರು ಎಂದು ಕೇಳಿದರೆ ಮೆಂದಿಬಾಯ್ ಆಕಾಶ ನೋಡಿ, "ಗಾಳಿ ತಿರುಗ್ತಾ ಇದೆ" ಅಂದು ಹೊರಟುಹೋದರು.

ಮೊದಲ ದಿನವೇ ನಗೆಪಾಟಲಾದೆ. ಅಂಗಡಿ ಎಲ್ಲಿ ಎಂದು ಕೇಳಿದೆ, ತೋರಿಸಿದರು. "ಮೇಲಕ್ಕೋ ಕೆಳಕ್ಕೋ?" ಅಂದೆ. ನಮ್ಮ ಆಲ್ಮಾಟಿಯಲ್ಲಿ ಹಾಗೆ ಕೇಳದವರು ಯಾರಿದ್ದಾರೆ, ಬೆಟ್ಟದ ಕಡೆ ಮೇಲೆ, ಉಳಿದದ್ದು ಕೆಳಗೆ. ಇಲ್ಲಿ ನೆಲ ರೊಟ್ಟಿಯ ಹಾಗೆ ಚಪ್ಪಟೆ. ಅಂಗಡಿಯವಳು ನನ್ನನ್ನೇ ನೋಡಿ, "ಅಕ್ಕಾ, ಮೇಲೆ ದೇವರು, ಕೆಳಗೆ ಸಮುದ್ರ. ಸಕ್ಕರೆ ಬೇಕಾದ್ರೆ ಇಲ್ಲೇ ನಿಲ್ಲಿ" ಅಂದಳು.

ಜನ ಒಳ್ಳೆಯವರು. ಗೋಡೆಯ ಮೇಲಿಂದ ಮೀನು ಬರುತ್ತದೆ, ಒಂಟೆಹಾಲು ಬರುತ್ತದೆ. ಎರುಲಿಕ್ ಊಟಕ್ಕೆ ಮಾತ್ರ ಇನ್ನೂ ಯಾರೂ ಕರೆದಿಲ್ಲ. ಕರೆಯುತ್ತಾರೆ ಬಿಡು. ಹೊಸಬರು ಬಿಡಾರ ಹೂಡಿದರೆ ಹಳಬರು ಕರೆದು ಉಣ್ಣಿಸದೆ ಇರುತ್ತಾರೆಯೇ? ನಾನು ಒಳ್ಳೆಯ ಅಂಗಿ ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದೇನೆ.

ನಿನ್ನ ಅಮ್ಮ,
ತೊರ್ಗಿನ್


ಆಲ್ಮಾಟಿ, ಸೆಪ್ಟೆಂಬರ್ 28

ಅಮ್ಮ,

ಅಂಚೆ ಕಚೇರಿಯಿಂದ ಫೋನ್ ಮಾಡು ಎಂದರೆ ಕಾಗದ ಬರೆಯುತ್ತೀಯ. ಇರಲಿ. ಫೋನಿನಲ್ಲಿ ನಾವಿಬ್ಬರೂ ಜಗಳವಾಡುತ್ತೇವೆ, ಅದು ನಿಜ.

ನೀನು ಹೋಗಿ ಮೂರು ವಾರವಾಯಿತು, ಇಸ್ತ್ರಿ ಮಾಡಿದ ಅಂಗಿ ಹಾಗೇ ಇರಬೇಕು ಎಂದುಕೊಂಡಿದ್ದೇನೆ. ನಾವು ಈ ಕಟ್ಟಡಕ್ಕೆ ಬಂದ ದಿನ ನೆನಪಿದೆಯೇ? ಇನ್ನೂ ಮಂಚ ಮೆಟ್ಟಿಲ ಮೇಲಿತ್ತು, ಮೂರನೇ ಮಹಡಿಯ ರಷ್ಯನ್ ಅಜ್ಜಿ ಬಂದು ಎಲ್ಲರನ್ನೂ ಚಹಾಕ್ಕೆ ಎಳೆದುಕೊಂಡು ಹೋದಳು. ಅವಳಿಗೆ ಎರುಲಿಕ್ ಎಂದರೆ ಏನೆಂದೂ ಗೊತ್ತಿರಲಿಲ್ಲ. ಅಲ್ಲಿ ಇಡೀ ಬೀದಿಯೇ ಅಪ್ಪನ ಬಳಗ, ಆದರೂ ಹೊಸ್ತಿಲು ದಾಟಿಸುವುದಿಲ್ಲ.

ಒಂದು ಕರಾರು ಮಾಡಿಕೊಳ್ಳೋಣ. ವಸಂತದೊಳಗೆ ಒಂದೇ ಒಂದು ಮನೆಯವರು ನಿನ್ನನ್ನು ಒಳಗೆ ಕರೆದು ಕೂರಿಸಿದರೆ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಇಲ್ಲವಾದರೆ ನೀನು ವಾಪಸ್ಸು ಬರಬೇಕು. ಐವತ್ತೊಂಬತ್ತನೇ ವಯಸ್ಸಿನಲ್ಲಿ, ಬಾ ಎನ್ನದವರ ಊರಿನಲ್ಲಿ ಯಾಕೆ ಕೂರಬೇಕು?

ಕ್ಲಿನಿಕ್ಕಿನಲ್ಲಿ ಎಲ್ಲ ಮಾಮೂಲು. ಊರಿನ ಹಲ್ಲುಗಳೆಲ್ಲ ನನ್ನ ಕೈಯಲ್ಲೇ ಹಾಳಾಗುತ್ತಿವೆ. ನಿನ್ನ ರೇಡಿಯೋ ಇನ್ನೂ ಆನ್ ಮಾಡಿಲ್ಲ.

ಅಕ್ಬೊತಾ


ಬಾವುತಿನೊ, ಅಕ್ಟೋಬರ್ 24

ಒಂಟೆಮರಿ,

ಕರಾರಿಗೆ ಒಪ್ಪಿದೆ. ಆದರೆ ಇಲ್ಲಿ ವಸಂತ ನಿಮ್ಮ ಆಲ್ಮಾಟಿಯ ವಸಂತದ ಹಬ್ಬಕ್ಕಿಂತ ಮೊದಲೇ ಬರುತ್ತದೆ. ಮಾರ್ಚ್ ಹದಿನಾಲ್ಕಕ್ಕೆ ಕೊರಿಸು ಎಂದು ಮಾಡುತ್ತಾರಂತೆ. ಅವತ್ತು ಎಲ್ಲರೂ ಎಲ್ಲರ ಮನೆಗೂ ಹೋಗಿ ಎರಡೂ ಕೈ ಹಿಡಿದು ಕುಶಲ ಕೇಳಬೇಕು. ಅವತ್ತೂ ಕರೆಯದಿದ್ದರೆ ಗಂಟುಮೂಟೆ ಕಟ್ಟುತ್ತೇನೆ.

ಅಲ್ಲಿಯ ತನಕ ನೋಡುವುದು ಎಷ್ಟಿದೆ ಗೊತ್ತೇ? ಈ ಸಮುದ್ರ ಒಂದು ಕಡೆ ನಿಲ್ಲುವ ಜಾತಿಯದಲ್ಲ. ಮೂಡಣ ಗಾಳಿ ಬೀಸಿದರೆ ನೀರು ಸರಿದು ಆಚೆ ಹೋಗಿಬಿಡುತ್ತದೆ. ಮೊನ್ನೆ ನಾನು ಅದರ ಹೊಟ್ಟೆಯೊಳಗೇ ಬಹಳ ದೂರ ನಡೆದೆ. ಒಂದು ಕೆಟಲಿನ ಮುಚ್ಚಳ, ಒಂದು ಎಡಗಾಲಿನ ಬೂಟು ಸಿಕ್ಕವು. ಮರುದಿನ ಗಾಳಿ ತಿರುಗಿತು, ನೀರು ಏನೂ ಆಗದವರ ಹಾಗೆ ಬಂದು ಕೂತಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಒಂಟೆಯೊಂದು ಅಡ್ಡ ನಿಂತಿರುತ್ತದೆ. ಹಾರನ್ ಇಲ್ಲ, ಏನು ಮಾಡಲಿ, ಕಾಯುತ್ತೇನೆ.

ಈಗ ನನ್ನ ತಲೆ ಕೊರೆಯುತ್ತಿರುವ ವಿಷಯಕ್ಕೆ ಬರುತ್ತೇನೆ. ಇವರು ಯಾಕೆ ಕರೆಯುತ್ತಿಲ್ಲ? ನಾನು ತನಿಖೆ ಶುರುಮಾಡಿದ್ದೇನೆ. ಹಡಗುಕಟ್ಟೆಯ ಹತ್ತಿರ ಮುದುಕರು ಬಿಸಿಲು ಕಾಯಿಸುತ್ತ ಕೂತಿರುತ್ತಾರೆ. ನಾನು ಅವರ ಮುಂದೆ ಹಾದುಹೋದರೆ ಮಾತು ನಿಲ್ಲುತ್ತದೆ, ಎಲ್ಲರೂ ನನ್ನ ತಲೆ ನೋಡುತ್ತಾರೆ. ಕೂದಲಿಗೆ ಹಚ್ಚಿದ ಕೆಂಪು ಬಣ್ಣ ಜಾಸ್ತಿಯಾಯಿತೇನೋ. ಇನ್ನೊಂದು ದಿನ ಗೋಡೆಯ ಮೇಲಿಂದ, "ಮೆಂದಿಬಾಯ್, ಸುತ್ತಿಗೆ ಇದೆಯೇ?" ಎಂದು ಕೂಗಿದೆ. ಒಳಗೆ ಪಾತ್ರೆಯೊಂದು ಬಿದ್ದ ಸದ್ದಾಯಿತು. ಸುತ್ತಿಗೆ ಬಂತು, ಆದರೆ ಕೊಟ್ಟವಳು ಅವರ ಸೊಸೆ ಜಾದಿರಾ. ತಲೆಗೆ ಬಟ್ಟೆ ಕಟ್ಟಿಕೊಂಡ ಚಿಕ್ಕ ಹುಡುಗಿ. ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಯಾಕಮ್ಮ ಎಂದರೆ, "ನಾನು ಹೇಳಬಾರದು, ನನಗೆ ಆ ಹಕ್ಕಿಲ್ಲ" ಅಂದು ಓಡಿಹೋದಳು.

ಆ ಮನೆಯಲ್ಲಿ ಬಲ್ಜಾನ್ ಎನ್ನುವ ಅಜ್ಜಿ ಇದ್ದಾಳೆ, ಮೆಂದಿಬಾಯ್ ಅವರ ತಾಯಿ, ಸಗಿಂದಿಕ್‌ಗೆ ದೊಡ್ಡಮ್ಮ. ದಿನವೂ ಬಾಗಿಲಲ್ಲಿ ಕೂತು ಬೀದಿ ನೋಡುತ್ತಾಳೆ. ನಾನು ಹೋಗುವಾಗ ಕೈ ಎತ್ತಿ ತೋರಿಸುತ್ತೇನೆ, ಎದುರಿನಿಂದ ಬರುವ ಟ್ರಾಲಿಬಸ್ಸಿನ ಡ್ರೈವರನಿಗೆ ತೋರಿಸುವ ಹಾಗೆ. ಅವಳು ತಿರುಗಿ ಕೈ ಎತ್ತುವುದಿಲ್ಲ. ಆದರೆ ನಾನು ಮೂಲೆ ತಿರುಗುವವರೆಗೂ ನೋಡುತ್ತಲೇ ಇರುತ್ತಾಳೆ.

ಅಮ್ಮ


ಆಲ್ಮಾಟಿ, ನವೆಂಬರ್ 15

ಅಮ್ಮ,

ನಿನ್ನ ಕಾಗದ ಕ್ಲಿನಿಕ್ಕಿನಲ್ಲಿ ಓದಿ ನರ್ಸುಗಳಿಗೂ ಹೇಳಿದೆ. ಈಗ ಅವರಿಗೂ ತಲೆ ಕೊರೆತ. ಒಬ್ಬಳು, ಆ ಮನೆಯಲ್ಲಿ ದೆವ್ವ ಇರಬೇಕು ಅನ್ನುತ್ತಾಳೆ. ಇನ್ನೊಬ್ಬಳು, ಅಪ್ಪ ಯಾರಿಗೋ ಮದುವೆಯ ಮಾತು ಕೊಟ್ಟು ಊರು ಬಿಟ್ಟಿರಬೇಕು ಅನ್ನುತ್ತಾಳೆ. ಅಪ್ಪ ಹಾಗೆ ಮಾಡುವವರೇ? ನನಗೆ ನೆನಪಿರುವ ಅಪ್ಪ ಚಹಾಕ್ಕೆ ಉಪ್ಪು ಹಾಕಿಕೊಂಡು, ಬರುವ ಬೇಸಿಗೆಯಲ್ಲಿ ನಿಮ್ಮನ್ನು ಸಮುದ್ರಕ್ಕೆ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದರು. ಪ್ರತಿ ಬೇಸಿಗೆಯಲ್ಲಿ ಒಂದೋ ನಿನಗೆ ರಜೆ ಇರಲಿಲ್ಲ, ಇಲ್ಲ ಅವರಿಗೆ.

ಅವರೊಬ್ಬರೇ ಒಮ್ಮೆ ಅಲ್ಲಿಗೆ ಹೋಗಿದ್ದರಂತಲ್ಲ, ಅವರ ಅಮ್ಮ ತೀರಿಕೊಂಡಾಗ? ಆಗ ನೀನು ಯಾಕೆ ಹೋಗಲಿಲ್ಲ?

ನಿನ್ನೆ ಚಹಾಕ್ಕೆ ಉಪ್ಪು ಹಾಕಿ ಕುಡಿದು ನೋಡಿದೆ. ಕೆಟ್ಟದಾಗಿತ್ತು. ಇವತ್ತೂ ಕುಡಿದೆ.

ಅಕ್ಬೊತಾ


ಬಾವುತಿನೊ, ಡಿಸೆಂಬರ್ 20

ಅಕ್ಬೊತಾ,

ನಾನು ಆಗ ಹೋಗದಿದ್ದದ್ದು, ಅದು ನೀನು ಹುಟ್ಟಿದ ವಾರ ಎಂದು. ಅಷ್ಟೇ, ಬೇರೇನಿಲ್ಲ.

ಇದು ಸಣ್ಣ ಕಾಗದ. ಅವರು ಕರೆಯದಿದ್ದರೇನು, ನಾನೇ ಕರೆಯುತ್ತೇನೆ ಎಂದು ಹೊರಟೆ. ಕುರಿಯ ತೊಡೆ ತರಿಸಿದೆ, ಹಿಟ್ಟು ಲಟ್ಟಿಸಿದೆ, ಕೈ ನೋಯುವಷ್ಟು ಈರುಳ್ಳಿ ಹೆಚ್ಚಿದೆ. ಬೀದಿಯ ಎಲ್ಲ ಮನೆಗಳಿಗೂ ಹೋಗಿ, ಹೊಸ್ತಿಲಾಚೆಯೇ ನಿಂತು, ಭಾನುವಾರ ಮಧ್ಯಾಹ್ನ ಬನ್ನಿ ಎಂದೆ. ಎಲ್ಲರೂ ನೆಲ ನೋಡಿ ಹೂಂ ಅಂದರು. ಭಾನುವಾರ ಊಟದ ಬಟ್ಟೆ ಹಾಸಿ, ಬಟ್ಟಲು ಜೋಡಿಸಿ ಕೂತೆ. ಮಾಂಸ ಆರಿತು. ಕೊಬ್ಬು ಬಿಳಿಯಾಗಿ ಹೆಪ್ಪುಗಟ್ಟಿತು.

ಬಂದವಳು ಜಾದಿರಾ ಒಬ್ಬಳೇ. ಅವಳೂ ಬಾಗಿಲಲ್ಲೇ ನಿಂತು, ಹಾಸಿದ್ದನ್ನು ನೋಡಿ, ಅಳುತ್ತ ಹೋದಳು.

ಅನಾಥಾಲಯದಲ್ಲಿ ಭಾನುವಾರ ನಾವೆಲ್ಲ ತಲೆ ಬಾಚಿಕೊಂಡು ಗೇಟಿನ ಹತ್ತಿರ ನಿಲ್ಲುತ್ತಿದ್ದೆವು, ಯಾರಾದರೂ ಬಂದು ಕರೆದುಕೊಂಡು ಹೋಗುತ್ತಾರೆಂದು. ಇಷ್ಟು ವರ್ಷ ನೆನಪಾಗದ್ದು ಮೊನ್ನೆ ನೆನಪಾಯಿತು.

ಕೊರಿಸು ತನಕ ಕಾಯುವುದಿಲ್ಲ. ಹಿಮ ಕಡಿಮೆಯಾದ ಕೂಡಲೇ ಬರುತ್ತೇನೆ. ನನ್ನ ಕೋಣೆಯ ಕಿಟಕಿ ತೆಗೆದಿಡು.

ಅಮ್ಮ


ಆಲ್ಮಾಟಿ, ಜನವರಿ 11, 2003

ಅಮ್ಮ,

ಕಿಟಕಿ ತೆಗೆದಿಟ್ಟೆ. ಹಾಸಿಗೆ ಬಿಸಿಲಿಗೆ ಹಾಕಿದೆ. ರೇಡಿಯೋ ಆನ್ ಮಾಡಿದೆ. ನೀನು ಬರುತ್ತೀಯ ಎಂದರೆ ನಾನು ಕುಣಿಯಬೇಕಿತ್ತು.

ಆದರೆ ಒಂದು ಮಾತು. ನಾನು ಚಿಕ್ಕವಳಿದ್ದಾಗ ನಿನ್ನ ಗಾಡಿ ನಡುರಸ್ತೆಯಲ್ಲಿ ನಿಂತುಹೋಗಿತ್ತು. ಜನ ಬೈಯುತ್ತಿದ್ದರು, ಹಿಂದೆ ಸಾಲುಗಟ್ಟಿ ಗಾಡಿಗಳು. ನೀನು ಹಿಮದಲ್ಲಿ ಮಲಗಿ ಗಾಡಿಯ ಕೆಳಗೆ ನುಸುಳಿದೆ. ಇನ್ನೊಂದು ಗಾಡಿ ಬಂದು ಎಳೆದುಕೊಂಡು ಹೋಗುತ್ತದೆ, ಎದ್ದು ಬಾ ಎಂದು ಅಪ್ಪ ಕೂಗಿದರೆ ನೀನು ಕೆಳಗಿನಿಂದಲೇ, "ಎಳೆದುಕೊಂಡು ಹೋಗ್ಲಿ, ಆದರೆ ಯಾಕೆ ನಿಂತುಹೋಯ್ತು ಅಂತ ನಂಗೆ ಗೊತ್ತಾಗಬೇಕು" ಅಂದೆ.

ಯಾಕೆ ಎಂದು ತಿಳಿಯದೆ ನೀನು ಬಂದರೆ ಈ ಕೋಣೆಯಲ್ಲಿ ಕೂತು ಅದನ್ನೇ ಯೋಚಿಸುತ್ತೀಯ. ನನಗೆ ಅಂಥ ಅಮ್ಮ ಬೇಡ. ಆ ಬಾಗಿಲಲ್ಲಿ ಕೂರುವ ಅಜ್ಜಿಯನ್ನು ನೇರವಾಗಿ ಕೇಳು. ಕೇಳಿ ಆಮೇಲೆ ಬಾ.

ಅಕ್ಬೊತಾ


ಬಾವುತಿನೊ, ಫೆಬ್ರವರಿ 6

ನನ್ನ ಒಂಟೆಮರಿ,

ಕೇಳಿದೆ.

ಗಾಳಿ ಜೋರಾಗಿತ್ತು, ಕಿವಿ ನೋಯುತ್ತದೆಂದು ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಟೆ. ಬಲ್ಜಾನ್ ಅಜ್ಜಿ ಎಂದಿನಂತೆ ಬಾಗಿಲಲ್ಲಿದ್ದಳು. ಈ ಸಲ ಕೈ ಎತ್ತಲಿಲ್ಲ. ಎದುರು ನಿಂತು, ಅಜ್ಜೀ, ನಾನು ಈ ಊರಿಗೆ ಬಂದು ಚಳಿಗಾಲ ಕಳೆಯುತ್ತ ಬಂತು, ಹೊಸಬಳಿಗೆ ಒಂದು ಎರುಲಿಕ್ ಊಟ ಹಾಕದಷ್ಟು ನಾನೇನು ತಪ್ಪು ಮಾಡಿದೆ ಎಂದು ಕೇಳಿಯೇಬಿಟ್ಟೆ.

ಅಜ್ಜಿ ನನ್ನ ತಲೆಯ ಬಟ್ಟೆಯನ್ನು ನೋಡಿದಳು, ಮುಖ ನೋಡಿದಳು. "ಎರುಲಿಕ್ಕಾ? ಅದು ಪರವೂರಿನವರಿಗೆ ಹಾಕೋದು. ತಮ್ಮನೆ ಸೊಸೆಗೆ ಯಾರಾದ್ರೂ ಎರುಲಿಕ್ ಹಾಕ್ತಾರೇನೇ, ಹುಚ್ಚಿ" ಅಂದಳು.

ನನಗೆ ತಕ್ಷಣ ಹೊಳೆಯಲಿಲ್ಲ. ಅಜ್ಜಿ ಬಿಡಿಸಿ ಹೇಳಿದಳು. ನಾನು ಇವರ ಪಾಲಿಗೆ ಹೊಸದಾಗಿ ಬಂದ ಮುದುಕಿಯಲ್ಲ, ಸಗಿಂದಿಕ್ ಮದುವೆಯಾದೆನೆಂದು ಬರೆದ ದಿನದಿಂದ ಬರಬೇಕಾಗಿದ್ದ ಮದುಮಗಳು. ನಮ್ಮ ಮದುವೆ ಎಂದರೆ ಕಚೇರಿಯಲ್ಲಿ ಎರಡು ಸಹಿ ಹಾಕಿ, ಆಮೇಲೆ ಒಂದು ಐಸ್‌ಕ್ರೀಮ್ ತಿಂದದ್ದು. ಹಿರಿಯರ ಮುಂದೆ ಮುಸುಕು ಹಾಕಿ ನಿಂತು, ಒಬ್ಬೊಬ್ಬರಿಗೂ ಬಗ್ಗಿ ನಮಸ್ಕರಿಸಿ, ಮುಖ ತೋರಿಸುವ ಶಾಸ್ತ್ರ ಆಗಲೇ ಇಲ್ಲ. ಮುಖ ತೋರಿಸದ ಸೊಸೆಯನ್ನು ಅವರು ಒಳಗೆ ಕರೆಯುವ ಹಾಗಿಲ್ಲ, ಅವಳ ಮನೆಯ ಊಟಕ್ಕೆ ಹಿರಿಯರು ಬರುವ ಹಾಗೂ ಇಲ್ಲ. ಹಸಿದಿರಬಾರದೆಂದು ಗೋಡೆಯ ಮೇಲಿಂದ ಮೀನು ಕೊಡಬಹುದು, ಅಷ್ಟೇ. ಆ ಸೊಸೆಯೋ, ಬರಿತಲೆಯಲ್ಲಿ ಹಿರಿಯರ ಎದುರು ಅಡ್ಡ ಹಾಯುತ್ತಾಳೆ, ಭಾವನನ್ನು ಹೆಸರು ಹಿಡಿದು ಕೂಗಿ ಸುತ್ತಿಗೆ ಕೇಳುತ್ತಾಳೆ.

ಇವೆಲ್ಲ ನನಗೆ ಗೊತ್ತಿರದ ಸಂಗತಿಗಳಲ್ಲ. ಯಾರ ಮದುವೆಯಲ್ಲಿ ನೋಡಿಲ್ಲ? ಆದರೆ ಅವೆಲ್ಲ ಇಪ್ಪತ್ತರ ಹುಡುಗಿಯರಿಗೆ ಎಂದುಕೊಂಡಿದ್ದೆ. ನಾನು ಕಾದೆ, ಅವರೂ ಕಾದರು.

ಮೊದಲೇ ಯಾಕೆ ಹೇಳಲಿಲ್ಲ ಅಜ್ಜಿ ಎಂದೆ.

"ಬಾ, ಬಗ್ಗು ಅಂತ ನಾವು ಕೇಳೋದಾ? ಸೊಸೆಗೆ ಹೇಳಿಕೊಡೋಳು ಅತ್ತೆ, ಅವಳಿಲ್ಲ. ಕೈ ಹಿಡಿದು ಕರ್ಕೊಂಡು ಬರಬೇಕಾದೋನು ನಿನ್ನೂರಿನ ಮಣ್ಣಲ್ಲಿ ಮಲಗಿದಾನೆ. ನಮಗೂ ದಾರಿ ಕಾಣಲಿಲ್ಲ ಕಣೇ" ಅಂದಳು.

ಸುಣ್ಣ ಹೊಡೆದವರು ಮೆಂದಿಬಾಯ್. ಸೊಸೆ ಬರುವ ಮನೆಯೆಂದು ನನ್ನ ಅತ್ತೆ ಪ್ರತಿ ವಸಂತದಲ್ಲಿ ಹೊಡೆಯುತ್ತಿದ್ದರಂತೆ. ಅವರು ಹೋದ ಮೇಲೆ ಇವರು ಮುಂದುವರಿಸಿದರು. ಅತ್ತೆ ನನಗೆಂದು ತೆಗೆದಿಟ್ಟ ಬಿಳಿ ಶಾಲು ಅಜ್ಜಿಯ ಪೆಟ್ಟಿಗೆಯಲ್ಲಿದೆ. ಗಂಡ ಸತ್ತವಳಿಗೆ ಈಗ ಎಂಥ ಮುಖ ತೋರಿಸುವ ಶಾಸ್ತ್ರ ಎಂದು ಬಳಗದಲ್ಲಿ ಯಾರೋ ಕೊಂಕು ತೆಗೆದರಂತೆ. "ನಾನಂದೆ, ಮುಖ ಅವಳದು, ಗಂಡನದಲ್ಲ" ಅಂದಳು ಅಜ್ಜಿ.

ಕೊರಿಸು ದಿನ ಮಾಡೋಣ ಎಂದಿದ್ದಾರೆ. ಒಂದೇ ತೊಡಕು. ಮದುಮಗಳು ತಾನಾಗಿ ನಡೆದು ಬರುವ ಹಾಗಿಲ್ಲ, ಹೆಣ್ಣಿನ ಕಡೆಯವರು ಕರೆದುಕೊಂಡು ಬಂದು ಒಪ್ಪಿಸಬೇಕು. ನಿನ್ನ ಕಡೆ ಯಾರಿದಾರೆ ಎಂದು ಅಜ್ಜಿ ಕೇಳಿದಳು. ನನ್ನ ಕಡೆ ಅಂತ ಒಂದು ಅನಾಥಾಲಯದ ಗೇಟು ಇದೆ ಎಂದೆ. ಅಜ್ಜಿ ನಗಲಿಲ್ಲ.

ನಿನ್ನ ಹೆಸರು ಹೇಳಲಿಲ್ಲ. ರಕ್ತದಲ್ಲಿ ನೀನು ಅವರ ಮನೆಯ ಮಗಳು, ನನ್ನ ಕಡೆಯವಳಲ್ಲ. ಅದೂ ಅಲ್ಲದೆ, ನಾನು ವಾಪಸ್ಸು ಬರಲೆಂದು ಕಿಟಕಿ ತೆಗೆದಿಟ್ಟವಳನ್ನು ಏನೆಂದು ಕರೆಯಲಿ? ಸುಮ್ಮನೆ ಬರೆಯುತ್ತಿದ್ದೇನೆ, ಅಷ್ಟೇ.

ಅಮ್ಮ


ಆಲ್ಮಾಟಿ, ಫೆಬ್ರವರಿ 22

ಅಮ್ಮ,

ಟಿಕೆಟ್ ತೆಗೆದೆ. ಅಮ್ಮನನ್ನು ಕರೆದುಕೊಂಡು ಬರಬೇಕು ಎಂದು ಹೇಳಿ ಕ್ಲಿನಿಕ್ಕಿನಲ್ಲಿ ರಜೆ ಕೇಳಿದೆ. ಎಲ್ಲಿಂದ ಎಲ್ಲಿಗೆ ಎಂದು ಅವರು ಕೇಳಲಿಲ್ಲ. ಅದನ್ನು ರೈಲಿನಲ್ಲಿ ಯೋಚಿಸುತ್ತೇನೆ.

ಕೂದಲಿಗೆ ಬಣ್ಣ ಹಚ್ಚಬೇಡ.

ಅಕ್ಬೊತಾ


ಆಲ್ಮಾಟಿ, ಮಾರ್ಚ್ 27

ಅಮ್ಮ,

ನೀನು ಮುಸುಕಿನೊಳಗಿದ್ದೆ, ನಿನಗೇನೂ ಕಂಡಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬೀದಿಯ ತುದಿಯಿಂದ ನಿನ್ನ ಒಂದು ತೋಳು ನಾನು, ಇನ್ನೊಂದು ಜಾದಿರಾ ಹಿಡಿದುಕೊಂಡು ನಡೆಸಿಕೊಂಡು ಬಂದೆವಲ್ಲ, ಆಗ ಎರಡೂ ಕಡೆ ಗೋಡೆಗಳ ಮೇಲೆ ಮಕ್ಕಳು, ಬೆಕ್ಕುಗಳು. ನಿನಗೆ ಅಡ್ಡ ನಿಲ್ಲುವ ಆ ಒಂಟೆಯೂ ಇತ್ತು, ಅವತ್ತು ಪಕ್ಕಕ್ಕೆ ಸರಿಯಿತು. ನಿನ್ನ ತೋಳಿನ ಭಾರವೆಲ್ಲ ನನ್ನ ಮೇಲಿತ್ತು. ಟ್ರಾಲಿಬಸ್ಸಿನ ಚಕ್ರ ತಿರುಗಿಸಿದ ತೋಳು ಅದು, ಯಾವತ್ತೂ ಇನ್ನೊಬ್ಬರಿಗೆ ಒರಗಿದ್ದನ್ನು ನಾನು ನೋಡಿರಲಿಲ್ಲ.

ಬಾಗಿಲಲ್ಲಿ ಬಲ್ಜಾನ್ ಅಜ್ಜಿ ಕೋಲು ಅಡ್ಡ ಹಿಡಿದಳು. "ನಿಲ್ಲಿ. ಹೆಣ್ಣಿನ ಕಡೆಯವರು ಯಾರು?" ಅಂದಳು. ರೈಲಿನಲ್ಲಿ ನಾನು ಯೋಚಿಸಿದ್ದು ಬೇರೆ. ಶಾಸ್ತ್ರವೆಲ್ಲ ಮುಗಿಯಲಿ, ಇವರ ಸಿಟ್ಟು ಇಳಿಯಲಿ, ಆಮೇಲೆ ಮೆಲ್ಲಗೆ ನಿನ್ನನ್ನು ಹೊರಡಿಸಿಕೊಂಡು ಬರೋಣ ಎಂದು. ಆದರೆ ಅಜ್ಜಿ ಹಾಗೆ ಕೇಳಿದಾಗ ನೀನು ತಲೆ ತಗ್ಗಿಸಿದೆ. ಶಾಲಿನೊಳಗೂ ಅದು ಕಂಡಿತು. ಗೇಟಿನ ಹತ್ತಿರ ನಿಂತ ಹುಡುಗಿಯೊಬ್ಬಳು ಹಾಗೆ ತಗ್ಗಿಸುತ್ತಿದ್ದಳೇನೋ.

"ನಾನೇ" ಅಂದೆ. "ನಾನು ಹೆಣ್ಣಿನ ಕಡೆಯವಳು. ನಮ್ಮ ಹುಡುಗೀನ ನಿಮ್ಮ ಕೈಗೆ ಒಪ್ಪಿಸೋಕೆ ಬಂದಿದೀನಿ. ಚೆನ್ನಾಗಿ ನೋಡ್ಕೊಳ್ಳಿ."

ನಗುತ್ತಾರೆ ಎಂದುಕೊಂಡಿದ್ದೆ. ಅಜ್ಜಿ ಕೋಲು ಕೆಳಗಿಟ್ಟು, ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡು, "ಬನ್ನಿ ಬೀಗಿತ್ತಿ" ಅಂದಳು. ನನ್ನ ಸ್ವಂತ ಅಪ್ಪನ ದೊಡ್ಡಮ್ಮ ನನ್ನನ್ನು ಬಹುವಚನದಲ್ಲಿ ಬೀಗಿತ್ತಿ ಎಂದಳು.

ಆಮೇಲೆ ಮೆಂದಿಬಾಯ್ ಎರಡು ತಂತಿಯ ದೊಂಬ್ರ ಹಿಡಿದು ಒಬ್ಬೊಬ್ಬ ಹಿರಿಯರ ಮೇಲೂ ಪದ ಕಟ್ಟಿ ಹಾಡಿದರು, ನೀನು ಒಬ್ಬೊಬ್ಬರಿಗೂ ಬಗ್ಗಿದೆ. ತಮ್ಮದೇ ಸರದಿ ಬಂದಾಗ ಏನು ಹಾಡಿದರು ನೆನಪಿದೆಯೇ? ಹೆಂಡತಿಯ ಮುಖ ನೋಡುವ ಮೊದಲು ಗಾಳಿಯ ಮುಖ ನೋಡುವವನು, ಕೂಗಿದರೆ ಸುತ್ತಿಗೆ ಕೊಡುವವನು, ಅವನಿಗೂ ಒಂದು ನಮಸ್ಕಾರ ಎಂದರು. ಆಗ ಇಡೀ ಬೀದಿ ನಕ್ಕಿತಲ್ಲ, ಮುಸುಕಿನೊಳಗೆ ನೀನೂ ನಕ್ಕೆ. ನಿನ್ನ ಭುಜ ಕುಲುಕಿದ್ದು ನನ್ನ ಕೈಗೆ ಗೊತ್ತಾಯಿತು. ಕೊನೆಗೆ ಯಾರೂ ಇಲ್ಲದ ಒಂದು ಹಾಸಿನ ಕಡೆ ತಿರುಗಿ, ಇದು ನಿನ್ನ ಅತ್ತೆ, ಸುಣ್ಣ ಹೊಡೆದು ಕಾದವಳು ಎಂದರು. ಆ ಖಾಲಿ ಹಾಸಿಗೂ ನೀನು ಬಗ್ಗಿದೆ. ಬಹಳ ಹೊತ್ತು ಏಳಲಿಲ್ಲ.

ದೊಂಬ್ರದ ತುದಿಯಿಂದ ಶಾಲು ಎತ್ತಿದಾಗ ಎಲ್ಲರೂ ನಿನ್ನ ಮುಖ ನೋಡಿದರು. ನಾನೂ ನೋಡಿದೆ. ದಿನಾ ನೋಡಿದ ಮುಖವೇ. ಆದರೆ ಎಷ್ಟು ಚಿಕ್ಕವಳು ಅನ್ನಿಸಿತು.

ಆಮೇಲೆ ಬೀಗಿತ್ತಿಗೆ ಕುರಿಬಾಲದ ಕೊಬ್ಬು, ಪಿತ್ತಜನಕಾಂಗ ತಿನ್ನಿಸುವ ನೆಪದಲ್ಲಿ ಆ ಹೆಂಗಸರು ನನ್ನ ಮುಖಕ್ಕೆಲ್ಲ ಬಳಿದರು. ನನ್ನ ಒಳ್ಳೆಯ ಕೋಟಿನ ಕಲೆ ಇನ್ನೂ ಹೋಗಿಲ್ಲ.

ಹೊರಡುವ ದಿನ ನೀನು ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ರೈಲು ಬಿಟ್ಟ ಮೇಲೆ ನೆನಪಾಯಿತು, ವಾಪಸ್ಸು ಬರಲು ನಾನು ಎರಡು ಟಿಕೆಟ್ ತೆಗೆದಿದ್ದೆ. ಎದುರಿನ ಸೀಟಿನ ಮೇಲೆ ಇಡೀ ದಾರಿ ಒಣಮೀನಿನ ಚೀಲ ಕೂತಿತ್ತು.

ನಿನ್ನ ಕಿಟಕಿ ಮುಚ್ಚಿದೆ. ಚಳಿ ಬರುತ್ತಿತ್ತು.

ಅಕ್ಬೊತಾ


ಬಾವುತಿನೊ, ಮೇ 19

ನನ್ನ ಒಂಟೆಮರಿಗೆ, ನನ್ನ ತವರಿಗೆ,

ಬರೆಯುವುದು ತಡವಾಯಿತು, ಸಿಟ್ಟಾಗಬೇಡ. ಹೊಸ ಸೊಸೆಗೆ ಪುರುಸೊತ್ತೆಲ್ಲಿ? ಒಂದೊಂದು ಮನೆಯವರೂ ಸರದಿ ಹಾಕಿಕೊಂಡು ತಮ್ಮ ಒಲೆಗೆ ಕರೆಯುತ್ತಿದ್ದಾರೆ. ಮುಖ ತೋರಿಸಿದ ಮೇಲೆ ಹಾಗೆ ಕರೆಯಲೇಬೇಕಂತೆ. ಹೋದಲ್ಲೆಲ್ಲ ಒಲೆಗೆ ಒಂದು ಹನಿ ತುಪ್ಪ ಬಿಟ್ಟು, ಹೊಟ್ಟೆ ಬಿರಿಯುವಂತೆ ತಿಂದು, ಎರಡು ಮೀಟರ್ ಬಟ್ಟೆ ಹೊತ್ತುಕೊಂಡು ಬರುತ್ತೇನೆ. ಇಸ್ತ್ರಿ ಮಾಡಿಟ್ಟ ಅಂಗಿ ಈಗ ಬಿಗಿ. ಮೊನ್ನೆ ಜಾದಿರಾ ಬಂದು, "ಚಿಕ್ಕತ್ತೆ, ಚಹಾ ಬಟ್ಟಲು ತುಂಬಾ ತುಂಬಿಸಬಾರದು, ತುಂಬಿಸಿದ್ರೆ ಎದ್ದು ಹೋಗಿ ಅಂದ ಹಾಗೆ" ಎಂದು ಪಿಸುಗುಟ್ಟಿ ಹೇಳಿಕೊಟ್ಟಳು. ಈಗ ಅವಳಿಗೆ ಹಕ್ಕು ಬಂದಿದೆ.

ಪಕ್ಕದ ಮನೆಯ ಹಿರಿಯರ ಬಗ್ಗೆ ಬರೆಯಬೇಕು, ಆದರೆ ಭಾವನ ಹೆಸರು ಹೇಳುವ ಹಾಗಿಲ್ಲ, ಬರೆಯಲೂ ಕೈ ಬರುವುದಿಲ್ಲ. ನಾನೇ ಒಂದು ಹೆಸರು ಇಟ್ಟಿದ್ದೇನೆ, ಗಾಳಿಭಾವ. ಅವರ ಕಿವಿಗೆ ಬಿತ್ತು, ಹಡಗುಕಟ್ಟೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾರೆ. ಈ ವಸಂತ ಸುಣ್ಣವನ್ನು ನಾನೇ ಹೊಡೆದೆ. ಅವರು ಏಣಿ ಹಿಡಿದುಕೊಂಡಿದ್ದರು.

ಬೇಸಿಗೆಯಲ್ಲಿ ನೀನು ಬರುತ್ತೀಯಾ ಎಂದು ಬಲ್ಜಾನ್ ಅಜ್ಜಿ, ಈಗ ನನಗೆ ದೊಡ್ಡತ್ತೆ, ದಿನವೂ ಕೇಳುತ್ತಾರೆ. ಬೀಗಿತ್ತಿಯಾಗಿ ಬಂದದ್ದು ಒಂದು ಸಲ ಸಾಕು, ಇನ್ನು ಮನೆಮಗಳಾಗಿ ಬರಲಿ, ಅವಳನ್ನೇನು ಯಾರೂ ಕರೆಯಬೇಕಾಗಿಲ್ಲ, ಬಾಗಿಲು ತಳ್ಳಿಕೊಂಡು ಬಂದರಾಯಿತು ಎಂದಿದ್ದಾರೆ. ಆ ಎರಡನೇ ಟಿಕೆಟ್ಟಿನ ವಿಷಯ ಅವರಿಗೆ ಹೇಳಿಲ್ಲ. ಕಾಗದ ಓದಿದ ದಿನ ನಾನು ಸಮುದ್ರದ ಕಡೆ ಒಬ್ಬಳೇ ಹೋಗಿ ಬಂದೆ.

ಇನ್ನೊಂದು ವಿಷಯ. ಇಲ್ಲಿ ಸೊಸೆಯಾದವಳು ಗಂಡನ ಹೆಸರನ್ನೂ ಹೇಳುವ ಹಾಗಿಲ್ಲ. ಮೊದಮೊದಲು ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ. ಈಗ ನಮ್ಮ ಮನೆಯವರು ಎನ್ನುತ್ತೇನೆ. ಹೆಸರು ಹಿಡಿದು ಕೂಗುತ್ತಿದ್ದಾಗ, ಕೂಗಿದ ಮೇಲೆ ಉತ್ತರ ಬರಲಿಲ್ಲ ಎಂದು ಪ್ರತಿ ಸಲವೂ ಗೊತ್ತಾಗುತ್ತಿತ್ತು. ಈಗ ಕೂಗುವುದಿಲ್ಲವಲ್ಲ, ಒಳಕೋಣೆಯಲ್ಲೆಲ್ಲೋ ಇದ್ದಾರೆ, ಕೇಳಿಸಿಕೊಂಡುಬಿಡುತ್ತಾರೆ ಎನ್ನುವ ಹಾಗೆ ಮೆತ್ತಗೆ ಮಾತಾಡುತ್ತೇನೆ.

ಚಹಾಕ್ಕೆ ಉಪ್ಪು ಕಡಿಮೆ ಹಾಕು. ಬರುವಾಗ ಸೇಬು ತಾ.

ನಿನ್ನ ಅಮ್ಮ,
ಬಾವುತಿನೊದ ಸೊಸೆ